ಕುದುರೆಮುಖಕ್ಕೆ ಹೊರಡೋರಿಗೆ ಒಂದಿಷ್ಟು ಮಾತು

ಮಳೆ ಇಳೀತಿದ್ದ ಹಾಗೆ ಎಲ್ಲರೂ ಕುದುರೆಮುಖದ ಬಗ್ಗೆ ಕೇಳ್ತಿದ್ದೀರಿ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮೊದಲೇ ಮಾಡ್ಕೊಳ್ಳಿ, ಇಲ್ಲದಿದ್ರೆ ಚಾರಣ ಶುರುವಾಗೋ ಮುಳ್ಳೋಡಿ ಹಳ್ಳಿಯಿಂದ ವಾಪಸ್ ಬರೋದೇ ಗತಿ. ಹೋಗಿ ಬರೋಕೆ ಸುಮಾರು 20 ಕಿಲೋಮೀಟರ್. ಮೇಲೆ ಉಳಿಯೋ ಹಾಗಿಲ್ಲ, ಆದ್ದರಿಂದ ಬೆಳಿಗ್ಗೆ ಬೇಗ ಹತ್ತಿ.

ತುದಿ ಮುಟ್ಟೋ ಅವಸರದಲ್ಲಿ ಹುಲ್ಲುಗಾವಲನ್ನ ತುಳ್ಕೊಂಡು ಹೋಗೋರೇ ಹೆಚ್ಚು. ಸ್ವಲ್ಪ ಕುಕ್ಕರಗಾಲಲ್ಲಿ ಕೂತು ನೋಡಿ. ಜೌಗು ಜಾಗದಲ್ಲಿ ಡ್ರೋಸೆರಾ ಅನ್ನೋ ಹುಳ ತಿನ್ನೋ ಗಿಡ ಸಿಗಬಹುದು: ಬೆರಳುಗುರಿನಷ್ಟು ಎಲೆ, ಅದರ ಕೆಂಪು ರೋಮದ ತುದಿಗೆಲ್ಲ ಅಂಟು ಹನಿ. ಇಬ್ಬನಿ ಅಂತ ಕೂತ ಸಣ್ಣ ಹುಳ ಅಲ್ಲೇ ಸಿಕ್ಕಿಬೀಳುತ್ತೆ. ಇಲ್ಲಿನ ಮಣ್ಣಲ್ಲಿ ಸಾರ ಕಡಿಮೆ, ಅದಕ್ಕೇ ಗಿಡ ಹುಳದಿಂದ ಸಾರಜನಕ ತಗೊಳ್ಳುತ್ತೆ. ಕಣಿವೆ ಮಡಿಲಲ್ಲಿ ದಟ್ಟವಾಗಿ ಕಾಣೋದು ಶೋಲಾ ಕಾಡು. ಹುಲ್ಲೂ ಶೋಲಾನೂ ಮಳೆ ನೀರನ್ನ ಹಿಡಿದಿಟ್ಟು ನಿಧಾನಕ್ಕೆ ಬಿಡ್ತವೆ; ತುಂಗೆ, ಭದ್ರೆ, ನೇತ್ರಾವತಿ ಹುಟ್ಟೋದು ಇದೇ ಬೆಟ್ಟಸಾಲಲ್ಲಿ.

ಕೋತಿಯ ಮುಖದ ಸುತ್ತ ಬೂದುಬಿಳಿ ಕೇಸರ, ಬಾಲದ ತುದೀಲಿ ಕುಚ್ಚು ಇದ್ರೆ ಅದು ಸಿಂಗಳೀಕ. ಘಾಟಿ ರಸ್ತೇಲಿ ಕಂಡ್ರೆ ದಯವಿಟ್ಟು ಬಾಳೆಹಣ್ಣು ಎಸೀಬೇಡಿ. ಮರದ ಮೇಲೇ ಬದುಕೋ ಪ್ರಾಣಿ ಅದು, ತಿಂಡಿ ಆಸೆಗೆ ರಸ್ತೆಗಿಳಿದು ಗಾಡಿಗೆ ಸಿಗುತ್ತೆ.

ಇಂಬಳಕ್ಕೆ ಉಪ್ಪಿನ ಗಂಟು ಜೇಬಲ್ಲಿರ್ಲಿ. ನೀರಿಗೆ ಸ್ಟೀಲ್ ಬಾಟಲಿ ತನ್ನಿ.