ಸ್ಕೇಲಿನ ಸೊನ್ನೆ, ಮಳೆಯ ಇಂಚು

ವಿರಾಜಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಹೆಚ್ಚಿನ ಮಕ್ಕಳು ಕಾಫಿ ತೋಟದ ಲೈನ್‌ಮನೆಗಳಿಂದ ಬರುವವರು. ಒಬ್ಬರ ಮನೆಯಲ್ಲಿ ಕೊಡವ ತಕ್ಕ್, ಇನ್ನೊಬ್ಬರಲ್ಲಿ ಮಲಯಾಳಂ, ಮತ್ತೊಬ್ಬರಲ್ಲಿ ಯರವ ಭಾಷೆ. ಹಾಗಾಗಿ ಬಾಯಲ್ಲಿ ಹೇಳಿದ್ದಕ್ಕಿಂತ ಕೈಯಲ್ಲಿ ಮಾಡಿಸಿದ್ದೇ ಬೇಗ ತಲೆಗೆ ಹೋಗುತ್ತದೆ.

9 ಸೆಂಟಿಮೀಟರ್ ಪೆನ್ಸಿಲನ್ನು ಅಳೆದು ಒಬ್ಬ ಹುಡುಗ 10 ಎಂದು ಬರೆದಿದ್ದ. ಮೊದಲೆಲ್ಲ ಇಂಥದ್ದಕ್ಕೆ ತಪ್ಪು ಎಂದು ಗೀಟು ಹಾಕಿ ಮುಂದೆ ಹೋಗುತ್ತಿದ್ದೆ. ಅವತ್ತು ಪಕ್ಕದಲ್ಲಿ ಕೂತು ಇನ್ನೊಮ್ಮೆ ಅಳೆಸಿದೆ. ಪೆನ್ಸಿಲಿನ ತುದಿಯನ್ನು ಅವನು 1ರ ಮೇಲೆ ಇಡುತ್ತಿದ್ದ. ಎಣಿಕೆ ಒಂದರಿಂದ ತಾನೇ ಶುರು? ಅವನು ಗೆರೆ ಎಣಿಸುತ್ತಿದ್ದ, ಗೆರೆಗಳ ನಡುವಿನ ಜಾಗವನ್ನಲ್ಲ. ವಿಚಾರಿಸಿದರೆ ಅರ್ಧ ತರಗತಿಯ ಕಥೆಯೂ ಅದೇ.

ಒಂದು ವಾರ ಸ್ಕೇಲನ್ನೇ ಮುಟ್ಟಿಸಲಿಲ್ಲ. ಬೆಂಚನ್ನು ಗೇಣಿನಲ್ಲಿ ಅಳೆದರು. ಒಬ್ಬಳಿಗೆ 11, ಇನ್ನೊಬ್ಬನಿಗೆ 13, ನನಗೆ 9. ಎಲ್ಲರಿಗೂ ಒಂದೇ ಗೇಣು ಬೇಕು ಎಂದು ಅವರೇ ಹೇಳಿದ ಮೇಲೆ, ಒಂದೊಂದು ಸೆಂಟಿಮೀಟರಿನ ಬಣ್ಣದ ಕಾಗದದ ಚೂರುಗಳನ್ನು ರಟ್ಟಿನ ಪಟ್ಟಿಯ ಮೇಲೆ ಸಂದಿಲ್ಲದೆ ಅಂಟಿಸಿಸಿದೆ. ಒಂದು ಕೆಂಪು, ಒಂದು ಹಳದಿ. ಅಂಕಿ ಇಲ್ಲ, ಮನೆಗಳು ಮಾತ್ರ. ಕೊನೆಗೆ 3ರಿಂದ ಶುರುವಾಗುವ ಮುರಿದ ಸ್ಕೇಲು ಕೊಟ್ಟು ಎಲೆ ಅಳೆಯಲು ಹೇಳಿದೆ. ಎಲೆಯ ತುದಿ 8ಕ್ಕೆ ಬಂತು. ‘ಐದು ಮನೆ’ ಎಂದ ಅದೇ ಹುಡುಗ. ನನಗಾದ ಖುಷಿ ಅಷ್ಟಿಷ್ಟಲ್ಲ.

ಸುತ್ತಳತೆ ಮತ್ತು ವಿಸ್ತೀರ್ಣಕ್ಕೆ ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ಪಾಠ ನಮ್ಮೂರಲ್ಲಿ ಇಲ್ಲ. 20 ಅಡಿ ಹಗ್ಗದ ತುದಿಗಳನ್ನು ಸೇರಿಸಿ ಕಟ್ಟಿ, ನಾಲ್ವರು ಮಕ್ಕಳನ್ನು ಮೂಲೆಗೆ ನಿಲ್ಲಿಸಿದೆ. ಒಳಗೆ ಹಾಸಲು ಹಳೆಯ ಪೇಪರಿನಿಂದ ಒಂದೊಂದು ಅಡಿಯ ಚೌಕ ಕತ್ತರಿಸಿಟ್ಟಿದ್ದೆವು. 5 ಅಡಿಗೆ 5 ಅಡಿ ಹಿಡಿದಾಗ 25 ಚೌಕ ಹಿಡಿಸಿತು. 6ಕ್ಕೆ 4 ಮಾಡಿದರೆ 24. ಎಳೆದು 9ಕ್ಕೆ 1 ಮಾಡಿದಾಗ ಬರೀ 9! ಬೇಲಿ ಅಷ್ಟೇ ಇದೆ, ಕಾಫಿ ಹರಡುವ ಜಾಗ ಎಲ್ಲಿ ಹೋಯಿತು ಎಂದು ಮಕ್ಕಳಿಗೆ ಆಶ್ಚರ್ಯ. ಉದ್ದ ಗುಣಿಸು ಅಗಲ ಎಂಬ ಸೂತ್ರವನ್ನು ನಾನು ಬೋರ್ಡಿನ ಮೇಲೆ ಬರೆಯುವ ಮೊದಲೇ, ಸಾಲು ಎಣಿಸಿ ಸಾಕಾದವರು ಕಂಡುಕೊಂಡಿದ್ದರು. ಮೂಲೆ ಸೊಟ್ಟಗಾದರೆ ಚೌಕ ಕೂರುವುದಿಲ್ಲ. ಅದಕ್ಕೆ ಕಾಗದವನ್ನು ಎರಡು ಸಲ ಮಡಚಿ ಮಾಡಿದ ಲಂಬಕೋನವೇ ನಮ್ಮ ಮೂಲೆಮಟ್ಟ.

ಜೂನ್‌ನಲ್ಲಿ ಮಳೆ ಹಿಡಿಯಿತು. ಕೊಡಗಿನಲ್ಲಿ ಬೆಳಗಾದರೆ ‘ನಿಮ್ಮಲ್ಲಿ ಎಷ್ಟು ಇಂಚು?’ ಎಂಬುದೇ ಮಾತು. ನಾವೂ ಮಳೆಮಾಪಕ ಮಾಡಿದೆವು. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿದ್ದು. ತಳ ಉಬ್ಬುತಗ್ಗು ಇದ್ದುದರಿಂದ, ಗೋಡೆ ನೇರವಾಗುವವರೆಗೆ ನೀರು ತುಂಬಿ ಅಲ್ಲಿಗೆ ಗೆರೆ ಎಳೆದೆವು. ‘ಸೊನ್ನೆ ಇಲ್ಲಿ ಮೇಲೆ ಇದೆ’ ಎಂದು ಒಬ್ಬಳು ಕೂಗಿದಳು. ಮುರಿದ ಸ್ಕೇಲು ನೆನಪಿತ್ತು ಅವಳಿಗೆ. ಒಂದು ಇಂಚು ಎಂದರೆ 25.4 ಮಿಲಿಮೀಟರ್, ಗೋಡೆಗೆ ಎರಡೂ ಪಟ್ಟಿ ಅಂಟಿಸಿದೆವು.

ಆಮೇಲೆ ಒಬ್ಬ ಕೇಳಿದ, ‘ದೊಡ್ಡ ಪಾತ್ರೆ ಇಟ್ಟರೆ ಜಾಸ್ತಿ ಇಂಚು ಬರುತ್ತದಾ ಟೀಚರ್?’ ಉತ್ತರ ಹೇಳಲಿಲ್ಲ. ನೇರ ಗೋಡೆಯ ಒಂದು ಪೇಂಟ್ ಡಬ್ಬ, ಒಂದು ಸಣ್ಣ ಡಬ್ಬಿ, ಎರಡನ್ನೂ ಅಂಗಳದಲ್ಲಿ ಅಕ್ಕಪಕ್ಕ ಇಟ್ಟೆವು. ಮಧ್ಯಾಹ್ನ ಸ್ಕೇಲು ಇಳಿಸಿ ನೋಡಿದರೆ ಎರಡರಲ್ಲೂ 2 ಸೆಂಟಿಮೀಟರ್. ಯಾರೂ ನಂಬದೆ ಮತ್ತೆ ಮತ್ತೆ ಅಳೆದರು. ಕೇಳಿದವನು ಮಾತ್ರ ಡಬ್ಬಗಳನ್ನೇ ನೋಡುತ್ತಾ ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಹೇಳಿದ: ‘ದೊಡ್ಡದಕ್ಕೆ ಬಾಯಿ ದೊಡ್ಡದು, ಜಾಸ್ತಿ ಕುಡಿಯುತ್ತದೆ. ಆದರೆ ಹೊಟ್ಟೆಯೂ ಅಷ್ಟೇ ಅಗಲ ಅಲ್ವಾ ಟೀಚರ್.’