ಮಲ್ಲಿಗೆ ಬರೀ ಎಲೆ ಬಿಡ್ತಿದ್ಯಾ? ಕತ್ರಿ ತಗೊಳ್ಳಿ

ಫೆಬ್ರವರಿ ಮುಗೀತಾ ಬಂತು ಅಂದ್ರೆ ನಮ್ಮನೆಗೆ ಬರೋ ಹೆಣ್ಮಕ್ಳೆಲ್ಲ ಕೇಳೋದು ಒಂದೇ, ಅಜ್ಜಿ ನಿಮ್ಮ ದುಂಡುಮಲ್ಲಿಗೇಲಿ ಇಷ್ಟೊಂದು ಮೊಗ್ಗು, ನಮ್ದ್ರಲ್ಲಿ ಬರೀ ಎಲೆ, ಏನ್ ಗೊಬ್ಬರ ಹಾಕ್ತೀರ ಅಂತ. ಗೊಬ್ಬರದ್ದಲ್ಲ ಕಣ್ರಮ್ಮಾ ವಿಷ್ಯ. ಬೆಂಗಳೂರು ಮೈಸೂರು ಕಡೆ ಡಿಸೆಂಬರ್ ರಾತ್ರಿನೂ 15 ಡಿಗ್ರಿ ಆಸುಪಾಸು ಇರುತ್ತೆ, ಅಷ್ಟು ಚಳಿಗೆ ಮಲ್ಲಿಗೆ ಪೂರ್ತಿ ಮಲಗಲ್ಲ, ಹಳೇ ಕಡ್ಡೀಲೇ ಎಲೆ ಹೊತ್ಕೊಂಡು ಹಂಗೇ ನಿಂತಿರುತ್ತೆ, ನಾವೇ ಅದನ್ನ ಮಲಗಿಸ್ಬೇಕು.

ಧನುರ್ಮಾಸದಲ್ಲಿ ಒಂದು ವಾರ ನೀರು ನಿಲ್ಸಿ ಬಿಡಿ, ಎಲೆ ಸ್ವಲ್ಪ ಬಾಡಿದ್ರೆ ಪಾಪ ಅಂತ ಕರಗ್ಬೇಡಿ, ಆಮೇಲೆ ಚೂಪಾದ ಕತ್ರೀಲಿ ಮೊಣಕಾಲೆತ್ತರಕ್ಕೆ ಕತ್ತರಿಸಿ, ಒಣಗಿದ್ದು ಸೊಟ್ಟಗಿದ್ದು ಬುಡದಿಂದ್ಲೇ ತೆಗ್ದು ಉಳಿದ ಎಲೇನೂ ಕಿತ್ತು ಹಾಕಿ. ಬುಡ ಕೆದಕಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಕೊಟ್ಟು ಈಗ ನೀರು ಹಾಕಿ. ಮಲ್ಲಿಗೆ ಮೊಗ್ಗು ಬರೋದು ಹೊಸ ಚಿಗುರಿನ ತುದೀಲಿ, ಹಳೇ ಕಡ್ಡೀಲಲ್ಲ, ಅದಕ್ಕೇ ಇಷ್ಟೆಲ್ಲ. ಯೂರಿಯಾ ಸುರಿದ್ರೆ ಎಲೆ ಮಾತ್ರ ಸೊಂಪಾಗಿ ಬರುತ್ತೆ. ಬಿಸಿಲಂತೂ 5-6 ಗಂಟೆ ಬೇಕೇ ಬೇಕು, ಎರಡು ಬಿಲ್ಡಿಂಗ್ ಮಧ್ಯದ ನೆರಳಿನ ಬಾಲ್ಕನಿ ಆದ್ರೆ ಮಲ್ಲಿಗೆ ಆಸೆ ಬಿಟ್ಟು ಬೇರೆ ಏನಾದ್ರೂ ಇಡಿ, ಬೇಜಾರಾಗ್ಬೇಡಿ.

ಇನ್ನು ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ಯಾ? ಬೋರ್‌ವೆಲ್ ನೀರಿನ ಕೆಲ್ಸ ಅದು, ಸುಣ್ಣದ ಅಂಶ ಜಾಸ್ತಿ ಇದ್ದಾಗ ಮಣ್ಣಲ್ಲಿ ಕಬ್ಬಿಣ ಇದ್ರೂ ಗಿಡಕ್ಕೆ ಎಳ್ಕೊಳ್ಳೋಕಾಗಲ್ಲ. ಅನ್ನಭೇದಿ, ಅಂದ್ರೆ ಫೆರಸ್ ಸಲ್ಫೇಟ್ ಅನ್ನೋ ಕಬ್ಬಿಣದ ಉಪ್ಪು, ಒಂದು ಲೀಟರ್ ನೀರಿಗೆ 5 ಗ್ರಾಂ ಕರಗ್ಸಿ ಸಂಜೆ ಎಲೆ ಮೇಲೆ ಸ್ಪ್ರೇ ಮಾಡಿ, ತಿಂಗಳಿಗೊಂದ್ಸಲ ಸಾಕು, ನೆಲಕ್ಕೆ ಗೋಡೆಗೆ ಬಿದ್ರೆ ತುಕ್ಕಿನ ಕಲೆ ಆಗುತ್ತೆ ನೋಡ್ಕೊಳ್ಳಿ. ಇಂಥಾ ನೀರಿರೋ ಮನೇಲಿ ಮೊಟ್ಟೆ ಸಿಪ್ಪೆ ಪುಡಿ ಹಾಕೋದು ದಂಡ, ಇರೋ ಸುಣ್ಣಕ್ಕೆ ಇನ್ನಷ್ಟು ಸುಣ್ಣ. ಟೀ ಸೊಪ್ಪು ಹಾಕ್ತೀರಾದ್ರೆ ಸಕ್ಕರೆ ಹೋಗೋ ಹಂಗೆ ತೊಳ್ದು ಹಾಕಿ, ಇಲ್ಲಾಂದ್ರೆ ಇರುವೆ ಬರುತ್ತೆ, ಇರುವೆ ಹಿಂದೇನೇ ದಾಸವಾಳಕ್ಕೆ ಬಿಳಿ ಹಿಟ್ಟಿನ ಹುಳ ಸೇರ್ಕೊಳ್ಳುತ್ತೆ. ಅದಕ್ಕೆ ಬೇವಿನೆಣ್ಣೆ ಲೀಟರಿಗೆ 5 ಎಂಎಲ್, ಎರಡು ಹನಿ ಸೋಪು, ಬಿಸಿಲು ಇಳಿದ್ಮೇಲೆ ಹೊಡೀರಿ, ಎಲೆ ಹಿಂದೆ ಹೊಡೀದಿದ್ರೆ ಏನೂ ಪ್ರಯೋಜನ ಇಲ್ಲ.

ಕಾಗದದ ಹೂವಿಗೆ ಮಾತ್ರ ಈ ಉಪಚಾರ ಯಾವ್ದೂ ಬೇಡ, ನೀರು ಕಮ್ಮಿ ಮಾಡಿದಷ್ಟೂ ಬಣ್ಣ, ದಿನಾ ನೀರು ಹಾಕೋರ ಮನೇಲಿ ಮುಳ್ಳು ಮಾತ್ರ ಬೆಳೆಯುತ್ತೆ.

ಮಲ್ಲಿಗೆ ಒಂದು ಸುತ್ತು ಹೂ ಮುಗಿದ್ಮೇಲೆ ಆ ರೆಂಬೆ ತುದೀನ ಎರಡು ಜೊತೆ ಎಲೆ ಸೇರ್ಸಿ ಚಿವುಟಿ, ಪಕ್ಕದಿಂದ ಮತ್ತೆ ಚಿಗುರಿ ಮಳೆ ಹಿಡಿಯೋವರ್ಗೂ ಕೊಡ್ತಾನೇ ಇರುತ್ತೆ. ಮೊಗ್ಗು ಬೆಳಿಗ್ಗೆನೇ ಕೀಳಿ, ದಪ್ಪಗೆ ಬೆಳ್ಳಗೆ ಆಗಿರೋದು ಅವತ್ತು ಸಂಜೆಗೆ ಅರಳೋ ಮೊಗ್ಗು, ಹಸಿರು ಛಾಯೆ ಇದ್ರೆ ನಾಳೆಗೆ ಬಿಡಿ. ಕಟ್ಟೋವರ್ಗೂ ಬಾಳೆ ಎಲೇಲೋ ಒದ್ದೆ ಬಟ್ಟೇಲೋ ಸುತ್ತಿಡಿ, ಪ್ಲಾಸ್ಟಿಕ್ ಕವರಲ್ಲಿ ಗಂಟು ಹಾಕಿಟ್ರೆ ಬೆವೆತು ಕಂದು ಹೋಗುತ್ತೆ. ಈ ವರ್ಷ ಕತ್ರಿ ಹಾಕೋದು ತಪ್ಪಿಹೋಗಿದ್ರೂ ಇವತ್ತೇ ಹಾಕಿ, ಯುಗಾದಿಗೆ ಸಿಗಲ್ಲ, ಮೇ ತಿಂಗಳ ಮದುವೆಗಳಿಗೆ ಸಿಗುತ್ತೆ.