ಸ್ಟಾರ್ಟರ್ ಬೇಡ, ಕೈ ಸಾಕು: ಮಾಡೆಲ್ ವಿಮಾನದ ಇಂಜಿನ್ ನಾನು ಶುರು ಮಾಡುವ ರೀತಿ

ಸ್ಪಾರ್ಕ್ ಬದಲು ಕಾದ ಪ್ಲಗ್‌ನಿಂದ ಹೊತ್ತಿಕೊಳ್ಳುವ ನನ್ನ ಗ್ಲೋ ಇಂಜಿನ್‌ಗಳನ್ನು ನಾನು ಕೈಯಲ್ಲೇ ಶುರು ಮಾಡುತ್ತೇನೆ. ಹೊಸದಾಗಿ ಹಾರಿಸಲು ಬರುವವರು ಇದನ್ನು ನೋಡಿ ತೋಳಿನ ಬಲದ ಕೆಲಸ ಅಂದುಕೊಳ್ಳುತ್ತಾರೆ. ಬಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇಂಜಿನ್ ಒಳಗೆ ಎಷ್ಟು ಇಂಧನ ಇದೆ ಅನ್ನೋದು ಬೆರಳಿಗೆ ಗೊತ್ತಾಗಬೇಕು, ಅಷ್ಟೇ. ಒಳಗೆ ಬೇಕಾದಷ್ಟು ಹಸಿ ಇದ್ದು, ಪ್ಲಗ್ ಚೆನ್ನಾಗಿ ಕಾದಿದ್ದರೆ ಒಂದೆರಡು ಏಟಿಗೇ ಹತ್ತಿಕೊಳ್ಳುತ್ತದೆ. ಈ ಎರಡರಲ್ಲಿ ಒಂದು ತಪ್ಪಿದ್ದರೂ ಸಂಜೆವರೆಗೆ ಪ್ರಾಪ್ (ಪ್ರೊಪೆಲ್ಲರ್) ತಿರುಗಿಸುತ್ತಾ ಕೂತರೂ ಹತ್ತಲ್ಲ.

ಎಲೆಕ್ಟ್ರಿಕ್ ಸ್ಟಾರ್ಟರ್ ಬಗ್ಗೆ ನನಗಿರುವ ತಕರಾರು ಇದೇ. 12 ವೋಲ್ಟ್ ಬ್ಯಾಟರಿಯ ಆ ಮೋಟರ್‌ಗೆ ಇಂಜಿನ್ ಒಳಗಿನ ಸ್ಥಿತಿ ಗೊತ್ತಾಗಲ್ಲ. ಸಿಲಿಂಡರ್‌ನಲ್ಲಿ ಇಂಧನ ತುಂಬಿ ನಿಂತಿದ್ದರೂ ಅದು ಬಲವಂತವಾಗಿ ತಿರುಗಿಸುತ್ತದೆ. ಗಾಳಿಯನ್ನು ಒತ್ತಬಹುದು, ದ್ರವವನ್ನು ಒತ್ತೋಕಾಗಲ್ಲ. ಆಗ ಬಗ್ಗೋದು ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್. ಅದೇ ಜಾಗದಲ್ಲಿ ಕೈ ಇದ್ದರೆ, ಪ್ರಾಪ್ ಗಟ್ಟಿಯಾಗಿ ನಿಂತುಬಿಡುತ್ತದೆ, ನಾವೂ ನಿಲ್ಲಿಸುತ್ತೇವೆ. ಕೈಯಲ್ಲಿ ಹತ್ತದ ಇಂಜಿನ್‌ನಲ್ಲಿ ಏನೋ ಒಂದು ದೋಷ ಇದ್ದೇ ಇರುತ್ತದೆ. ಆ ದೋಷ ನೆಲದ ಮೇಲೆ ಇರುವಾಗಲೇ ಗೊತ್ತಾಗಲಿ ಅನ್ನೋದು ನನ್ನ ಆಸೆ.

ಗ್ಲೋ ಇಂಜಿನ್ನಿಗೆ ಸ್ಪಾರ್ಕ್ ಇಲ್ಲ. ತಲೆಯಲ್ಲಿರುವ ಪುಟ್ಟ ಪ್ಲಗ್‌ನ ಒಳಗೆ ಪ್ಲಾಟಿನಂ ಬೆರೆತ ತಂತಿಯ ಸುರುಳಿ ಇದೆ. ಇಂಧನದಲ್ಲಿರುವ ಮೆಥನಾಲ್ ಆವಿ ಆ ಪ್ಲಾಟಿನಂಗೆ ತಾಗಿದಾಗ ಶಾಖ ಹುಟ್ಟುತ್ತದೆ. ಶುರುವಿಗೆ ಮಾತ್ರ ಸುಮಾರು ಒಂದೂವರೆ ವೋಲ್ಟ್ ಕೊಟ್ಟು ಸುರುಳಿಯನ್ನು ಕೆಂಪಗೆ ಕಾಯಿಸಬೇಕು. ಇಂಜಿನ್ ಓಡಲು ಶುರುವಾದ ಮೇಲೆ ಅದರದೇ ಬಿಸಿಯಿಂದ ಸುರುಳಿ ಕಾದಿರುತ್ತದೆ, ಬ್ಯಾಟರಿ ತೆಗೆದುಬಿಡಬಹುದು. 1940ರ ದಶಕದ ಕೊನೆಗೆ ಅಮೆರಿಕದ ರೇ ಆರ್ಡನ್ ಈ ಪ್ಲಗ್ಗನ್ನು ಮಾರಾಟಕ್ಕೆ ತಂದರು. ಅದಕ್ಕೂ ಮುಂಚೆ ಕಾಯಿಲ್, ಕಂಡೆನ್ಸರ್, ಬ್ಯಾಟರಿ ಎಲ್ಲವನ್ನೂ ವಿಮಾನವೇ ಹೊತ್ತು ಹಾರಬೇಕಿತ್ತು.

ಪ್ರಾಪ್ ಮುಟ್ಟುವ ಮೊದಲು ನಾನು ಪ್ಲಗ್ ಬಿಚ್ಚಿ ನೋಡುತ್ತೇನೆ. ಬ್ಯಾಟರಿಯ ಕ್ಲಿಪ್ ಹಾಕಿದರೆ ಸುರುಳಿಯ ಎಲ್ಲ ಸುತ್ತುಗಳೂ ಹೊಳೆಯುವ ಕಿತ್ತಳೆ ಬಣ್ಣಕ್ಕೆ ಬರಬೇಕು. ಮಂಕಾದ ಕೆಂಪಿದ್ದರೆ ಬ್ಯಾಟರಿ ಇಳಿದಿದೆ ಅಂತ ಅರ್ಥ. ಅರ್ಧ ಸುರುಳಿ ಮಾತ್ರ ಹೊಳೆದರೆ ಆ ಪ್ಲಗ್ ಬಿಸಾಡಿ. ಶುರುವಾಗದ ಇಂಜಿನ್‌ಗಳಲ್ಲಿ ಜಾಸ್ತಿ ಪಾಲು ಇಲ್ಲೇ ಸಿಕ್ಕಿಬೀಳುತ್ತವೆ. ಪ್ಲಗ್‌ಗೆ ಮೂರು ಆಂಪಿಯರ್ ಹತ್ತಿರ ಕರೆಂಟ್ ಬೇಕು, ಟಾರ್ಚಿನ ಸಣ್ಣ ಸೆಲ್ ಅಷ್ಟನ್ನು ತುಂಬಾ ಹೊತ್ತು ಕೊಡಲಾರದು. ನಾನು ಬಳಸೋದು 1.2 ವೋಲ್ಟಿನ ದಪ್ಪ ರೀಚಾರ್ಜಬಲ್ ಸೆಲ್.

ಇಂಧನ ಹೊಸದಾಗಿರಬೇಕು. ಮೆಥನಾಲ್ ಗಾಳಿಯ ತೇವ ಹೀರುತ್ತದೆ. ಮುಚ್ಚಳ ಸಡಿಲ ಬಿಟ್ಟ ಕ್ಯಾನ್ ಮಳೆಗಾಲ ಕಳೆದರೆ ನಂಬೋ ಹಾಗಿಲ್ಲ. ಟ್ಯಾಂಕಿನ ಮಧ್ಯಭಾಗ ಕಾರ್ಬುರೇಟರ್‌ನ ಮಟ್ಟಕ್ಕೆ, ಇಲ್ಲವೇ ಒಂದು ಚೂರು ಕೆಳಗೆ ಇರಬೇಕು. ಮೇಲಿದ್ದರೆ ನಾವು ಮಾತಾಡುತ್ತಾ ನಿಂತಿರುವಾಗಲೇ ಇಂಧನ ತಾನಾಗೇ ಇಳಿದು ಇಂಜಿನ್ ಫ್ಲಡ್ ಆಗುತ್ತದೆ.

ಇನ್ನು ಪ್ರಾಪ್ ಕೂರಿಸುವ ಕೋನ. ಇದಕ್ಕೆ ಯಾರೂ ಗಮನ ಕೊಡಲ್ಲ, ಕೊಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ವಿಮಾನದ ಎದುರಿಗೆ ನಿಂತು ಪ್ರಾಪನ್ನು ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಿ. ಕಂಪ್ರೆಷನ್, ಅಂದರೆ ಪಿಸ್ಟನ್ ಒಳಗಿನ ಗಾಳಿಯನ್ನು ಒತ್ತುವ ಬಿಗಿ, ಹತ್ತಲು ಶುರುವಾಗುವ ಜಾಗದಲ್ಲಿ ಒಂದು ಅಲಗು ಗಡಿಯಾರದ ಎರಡು ಗಂಟೆಯ ಕಡೆ ನಿಲ್ಲಬೇಕು. ಹಾಗೆ ಕೂರಿಸಿ ನಟ್ ಬಿಗಿ ಮಾಡಿ. ಆಗ ಬಲಗೈ ಮೇಲಿಂದ ಎಡಕ್ಕೆ ಬೀಸಿಕೊಂಡು ಇಳಿಯುವಾಗ ಪೂರ್ತಿ ವೇಗ ಕಂಪ್ರೆಷನ್ ದಾಟೋದಕ್ಕೇ ಸಿಗುತ್ತದೆ, ಕೈಯೂ ಪ್ರಾಪ್‌ನ ದಾರಿಯಿಂದ ಹೊರಗೆ ಹೋಗುತ್ತದೆ. ಅಲಗು ಅಡ್ಡಾದಿಡ್ಡಿ ಕೋನದಲ್ಲಿದ್ದರೆ ಬೀಸೋದಕ್ಕೆ ಜಾಗವೇ ಸಾಲಲ್ಲ.

ಪ್ರಾಪ್ ಬಗ್ಗೆ ಇನ್ನೊಂದು ಮಾತು. ನೈಲಾನ್ ಪ್ರಾಪ್ ಅಚ್ಚಿನಿಂದ ಬಂದಾಗ ಅದರ ಹಿಂದಿನ ಅಂಚು ಬ್ಲೇಡಿನ ಹಾಗಿರುತ್ತದೆ. ನಯವಾದ ಮರಳು ಕಾಗದದಲ್ಲಿ ಅದನ್ನು ಉಜ್ಜಿ ಮೊಂಡು ಮಾಡದೆ ನಾನು ಯಾವ ಪ್ರಾಪನ್ನೂ ಹಾಕಲ್ಲ. 10 ಇಂಚಿನ ಪ್ರಾಪ್ ನಿಮಿಷಕ್ಕೆ 12,000 ಸುತ್ತು ತಿರುಗುವಾಗ ಅದರ ತುದಿ ಗಂಟೆಗೆ ಸುಮಾರು 575 ಕಿಲೋಮೀಟರ್ ವೇಗದಲ್ಲಿರುತ್ತದೆ. ಬೆರಳು ಅಡ್ಡ ಬಂದರೆ ಉಳಿಯಲ್ಲ. ಅದಕ್ಕೇ ಬಲಗೈಗೆ ದಪ್ಪ ಚರ್ಮದ ಗ್ಲೌಸ್. 40 ಸೈಜಿಗಿಂತ (0.40 ಘನ ಇಂಚು) ದೊಡ್ಡ ಇಂಜಿನ್‌ಗೆ ಮರದ ಕೋಲಿಗೆ ರಬ್ಬರ್ ಪೈಪ್ ಸಿಕ್ಕಿಸಿಕೊಂಡು ಅದರಲ್ಲೇ ತಟ್ಟುತ್ತೇನೆ. ಐಡಿ ಕಾರ್ಡಿನ ದಾರ, ಉದ್ದ ತೋಳಿನ ಸಡಿಲ ಅಂಗಿ, ಕುತ್ತಿಗೆಗೆ ಸುತ್ತಿದ ಟವೆಲ್ ಯಾವುದೂ ಇರಬಾರದು. ವಿಮಾನವನ್ನು ಹಿಂದಿನಿಂದ ಹಿಡಿದುಕೊಳ್ಳಲು ಒಬ್ಬರು ಇರಲೇಬೇಕು. ಯಾರೂ ಇಲ್ಲ ಅಂದರೆ ಬಾಲದ ಮುಂದೆ ಎರಡು ಗೂಟ ಹೊಡೆದು, ರೆಕ್ಕೆಗೂ ಕಟ್ಟಿ ನಿಲ್ಲಿಸುತ್ತೇನೆ.

ಈಗ ಶುರು ಮಾಡೋಣ. ರೇಡಿಯೋ ಆನ್ ಮಾಡಿ ಥ್ರಾಟಲ್ ಪೂರ್ತಿ ತೆರೆಯುತ್ತೇನೆ. ಇಂಧನದ ಹರಿವು ಹೆಚ್ಚು ಕಡಿಮೆ ಮಾಡುವ ತಿರುಪು, ಅಂದರೆ ನೀಡಲ್ ವಾಲ್ವ್, ಮುಚ್ಚಿದ ಜಾಗದಿಂದ ಎರಡೂವರೆ ಸುತ್ತು ಬಿಚ್ಚಿರುತ್ತದೆ. ಬ್ಯಾಟರಿ ಕ್ಲಿಪ್ ಇನ್ನೂ ಹಾಕಿಲ್ಲ, ಇದು ಮುಖ್ಯ. ಎಡಗೈ ಬೆರಳಿನಿಂದ ಕಾರ್ಬುರೇಟರ್‌ನ ಬಾಯಿ ಮುಚ್ಚಿ ಪ್ರಾಪ್ ನಿಧಾನಕ್ಕೆ ತಿರುಗಿಸಿದರೆ ಇಂಧನ ಪೈಪಿನಲ್ಲಿ ಮುಂದಕ್ಕೆ ಬರೋದು ಕಣ್ಣಿಗೇ ಕಾಣುತ್ತದೆ. ಅದು ಕಾರ್ಬುರೇಟರ್ ಮುಟ್ಟಿದ ಮೇಲೆ ಇನ್ನೆರಡು ಸುತ್ತು, ಬೆರಳು ಒದ್ದೆಯಾಗಬೇಕು. ಅಲ್ಲಿಗೆ ಬೆರಳು ತೆಗೆದುಬಿಡಿ. ಥ್ರಾಟಲ್ ಐಡಲ್‌ಗಿಂತ ಸ್ವಲ್ಪ ಮೇಲಕ್ಕೆ ಇಳಿಸಿ, ಕ್ಲಿಪ್ ಇಲ್ಲದೆಯೇ ಐದಾರು ಬಾರಿ ಪ್ರಾಪ್ ತಿರುಗಿಸಿ. ಒಳಗೆ ಬಂದ ಇಂಧನ ಎಲ್ಲ ಕಡೆ ಹರಡಲಿ. ಬೆಂಗಳೂರಿನ ಡಿಸೆಂಬರ್ ಬೆಳಗಿನ ಚಳಿಗೆ ಮೆಥನಾಲ್ ಬೇಗ ಆವಿಯಾಗಲ್ಲ. ಅಂಥ ದಿನ ಇನ್ನೊಂದೆರಡು ಹನಿ ನೇರವಾಗಿ ಕಾರ್ಬುರೇಟರ್‌ಗೆ ಬಿಡುತ್ತೇನೆ.

ಆಮೇಲೆ ಕ್ಲಿಪ್ ಹಾಕಿ, ಗ್ಲೌಸ್ ಹಾಕಿದ ಕೈಯಲ್ಲಿ ಪ್ರಾಪನ್ನು ಬುಡದ ಹತ್ತಿರ ಗಟ್ಟಿಯಾಗಿ ಹಿಡಿದು, ನಿಧಾನಕ್ಕೆ ಕಂಪ್ರೆಷನ್ ದಾಟಿಸುತ್ತೇನೆ. ಈಗ ನಡೆಯೋದೇ ಇಡೀ ವಿದ್ಯೆಯ ತಿರುಳು. ಪಿಸ್ಟನ್ ತುದಿ ಮುಟ್ಟುತ್ತಿದ್ದಂತೆ ಅಂಗೈಗೆ ಒಳಗಿನಿಂದ ‘ಟುಕ್’ ಅಂತ ಒಂದು ಗುದ್ದು ಬೀಳಬೇಕು. ಪ್ಲಗ್ ಕಾದಿದೆ, ಒಳಗೆ ಸುಡುವಂಥ ಮಿಶ್ರಣ ಇದೆ ಅನ್ನೋದಕ್ಕೆ ಆ ಗುದ್ದೇ ಸಾಕ್ಷಿ. ಗುದ್ದು ಸಿಗದೆ ನಾನು ಯಾವತ್ತೂ ಫ್ಲಿಕ್ ಮಾಡಲ್ಲ. ಸಿಕ್ಕಿದ ಮೇಲೆ ಸುಮ್ನೆ ಹಗುರಾಗಿ, ಆದರೆ ಚುರುಕಾಗಿ ಒಂದು ಏಟು ಹಾಕಿ ಕೈ ಎಳೆದುಕೊಂಡರೆ ಆಯ್ತು.

ಗುದ್ದು ಹೇಗಿದೆ ಅನ್ನೋದರಲ್ಲೂ ವಿಷಯ ಇದೆ. ಪ್ರಾಪ್ ಸಲೀಸಾಗಿ, ಒಣ ಒಣವಾಗಿ ತಿರುಗಿ ಏನೂ ಆಗದಿದ್ದರೆ ಇಂಧನ ಇನ್ನೂ ತಲುಪಿಲ್ಲ, ಮತ್ತೆ ಬೆರಳಿನಿಂದ ಬಾಯಿ ಮುಚ್ಚಿ ಚೋಕ್ ಮಾಡಿ. ಪ್ರಾಪ್ ಭಾರವಾಗಿ, ಎಣ್ಣೆಯಲ್ಲಿ ಮುಳುಗಿದ ಹಾಗೆ ಮೆತ್ತಗೆ ಸಾಗಿ, ಸೈಲೆನ್ಸರ್‌ನಿಂದ ಹನಿ ಉದುರುತ್ತಿದ್ದರೆ ಇಂಧನ ಜಾಸ್ತಿಯಾಗಿದೆ. ಹಸಿ ಸರಿಯಾಗಿದ್ದೂ ಗುದ್ದು ಇಲ್ಲ ಅಂದರೆ ಪ್ಲಗ್ ಅಥವಾ ಬ್ಯಾಟರಿ ಹೋಗಿದೆ. ಶುರುವಾಗಿ ನಾಲ್ಕು ಕ್ಷಣ ಚೀರಿ ನಿಂತರೆ ನೀಡಲ್ ಬಿಗಿಯಾಯಿತು, ಅರ್ಧ ಸುತ್ತು ಬಿಚ್ಚಬೇಕು. ಗೊರ ಗೊರ ಅಂತ ಹೊಗೆ ಉಗುಳಿ ಸತ್ತರೆ ಬಿಗಿ ಮಾಡಬೇಕು.

ಮೊನ್ನೆ ಕಾಲೇಜು ಹುಡುಗ ಒಬ್ಬ ತನ್ನ ಟ್ರೇನರ್ ವಿಮಾನ ಇಟ್ಟುಕೊಂಡು ಬೆವರು ಸುರಿಸುತ್ತಿದ್ದ. ಪ್ರಾಪ್ ಅರ್ಧದಲ್ಲೇ ಗಟ್ಟಿಯಾಗಿ ನಿಲ್ಲುತ್ತಿತ್ತು.

“ಅಂಕಲ್, ಅವರ ಹತ್ರ ಸ್ಟಾರ್ಟರ್ ಇದೆ, ಇಸ್ಕೊಂಡು ಬರ್ಲಾ?”

“ಬೇಡ ಕಣೋ, ಮೊದಲು ಕ್ಲಿಪ್ ತೆಗಿ, ಪ್ಲಗ್ ಬಿಚ್ಚು. ಈಗ ವಿಮಾನ ಮಗುಚಿ ಹಿಡಿದು ಪ್ರಾಪ್ ತಿರುಗಿಸು, ಮುಖ ಆ ಕಡೆ ಮಾಡ್ಕೋ.”

ಪ್ಲಗ್ ತೂತಿನಿಂದ ಇಂಧನ ಚಿಮ್ಮಿ ಹುಲ್ಲಿನ ಮೇಲೆ ಬಿತ್ತು. ಪ್ಲಗ್ ಒರೆಸಿ ವಾಪಸ್ ಹಾಕಿ, ಗುದ್ದು ನೋಡಿಕೊಂಡು ಅವನೇ ಏಟು ಹಾಕಿದ, ಹತ್ತಿತು. ಫ್ಲಡ್ ಆದ ಇಂಜಿನ್‌ಗೆ ಇದೊಂದೇ ಔಷಧಿ. ಇನ್ನೂ ಜೋರಾಗಿ ತಿರುಗಿಸೋದು ಔಷಧಿ ಅಲ್ಲ.

ಹಿಮ್ಮುಖ ಏಟು ಅಂತ ಇನ್ನೊಂದು ಪಟ್ಟು ಇದೆ, ನನಗೆ ತುಂಬಾ ಇಷ್ಟವಾದದ್ದು. ಗುದ್ದು ಚೆನ್ನಾಗಿ ಸಿಗುತ್ತಿರುವಾಗ ಪ್ರಾಪನ್ನು ಉಲ್ಟಾ ದಿಕ್ಕಿಗೆ, ಅಂದರೆ ಎದುರಿನಿಂದ ನೋಡಿದರೆ ಬಲಕ್ಕೆ, ಕಂಪ್ರೆಷನ್ ವಿರುದ್ಧ ಚುರುಕಾಗಿ ತಟ್ಟಿ ಬಿಡಬೇಕು. ಪಿಸ್ಟನ್ ತುದಿ ದಾಟುವ ಮೊದಲೇ ಮಿಶ್ರಣ ಹೊತ್ತಿಕೊಂಡು ಅದನ್ನು ವಾಪಸ್ ಒದೆಯುತ್ತದೆ. ಆ ಒದೆತ ಸರಿಯಾದ ದಿಕ್ಕಿಗೇ ಇರುತ್ತದೆ, ಇಂಜಿನ್ ಓಡಲು ಶುರು ಮಾಡುತ್ತದೆ. ಇಲ್ಲಿ ನಾವು ಕಂಪ್ರೆಷನ್ ದಾಟಿಸಬೇಕಾಗಿಯೇ ಇಲ್ಲ, ಹಾಗಾಗಿ ಶಕ್ತಿಯೂ ಬೇಡ. ಫೋರ್ ಸ್ಟ್ರೋಕ್ ಇಂಜಿನ್‌ಗಳು ಬಹಳ ಸಲ ಹೀಗೆಯೇ ಸುಲಭವಾಗಿ ಏಳುತ್ತವೆ. ಆದರೆ ಕೈ ತಕ್ಷಣ ಹೊರಗಿರಬೇಕು, ಥ್ರಾಟಲ್ ಕೆಳಗಿರಬೇಕು. ಅಪರೂಪಕ್ಕೆ ಟೂ ಸ್ಟ್ರೋಕ್ ಇಂಜಿನ್ ಹಿಂದುಮುಂದಾಗಿಯೇ ಓಡುವುದುಂಟು. ಗಾಳಿ ಹಿಂದಕ್ಕೆ ಹೋಗುವ ಬದಲು ನಿಮ್ಮ ಮುಖಕ್ಕೆ ಬಂದರೆ ಥ್ರಾಟಲ್ ಮುಚ್ಚಿ ನಿಲ್ಲಿಸಿಬಿಡಿ.

ಹೊಸ ಎಬಿಸಿ ಇಂಜಿನ್‌ಗಳು ಮಾತ್ರ ಕೈಗೆ ಕಷ್ಟ ಕೊಡುತ್ತವೆ. ಅಲ್ಯುಮಿನಿಯಂ ಪಿಸ್ಟನ್, ಕ್ರೋಮ್ ಲೇಪಿಸಿದ ಹಿತ್ತಾಳೆ ಸಿಲಿಂಡರ್. ಸಿಲಿಂಡರಿನ ಮೇಲ್ಭಾಗವನ್ನು ಬೇಕಂತಲೇ ಕಿರಿದಾಗಿ ಮಾಡಿರುತ್ತಾರೆ. ತಣ್ಣಗಿದ್ದಾಗ ಪಿಸ್ಟನ್ ತುದಿಯಲ್ಲಿ ‘ಕಿರ್’ ಅಂತ ಕಚ್ಚಿಕೊಳ್ಳುತ್ತದೆ, ಕಾದ ಮೇಲೆ ಹಿತ್ತಾಳೆ ಹಿಗ್ಗಿ ಸಡಿಲವಾಗುತ್ತದೆ. ಗಾಬರಿ ಬೀಳಬೇಡಿ, ಅದು ದೋಷ ಅಲ್ಲ. ಹೇರ್ ಡ್ರೈಯರ್‌ನಿಂದ ಸಿಲಿಂಡರ್ ಬಿಸಿ ಮಾಡಿದರೆ ಪ್ರಾಪ್ ಮಾತು ಕೇಳುತ್ತದೆ. ಕರೆಂಟ್ ಇಲ್ಲದ ಬಯಲಲ್ಲಿ ವಿಮಾನವನ್ನು ಬಿಸಿಲಿಗಿಟ್ಟು ಒಂದು ಟೀ ಕುಡಿದು ಬರುತ್ತೇನೆ.

ಕೈಯಲ್ಲಿ ಶುರು ಮಾಡುವ ನಿಜವಾದ ಸುಖ ಡೀಸೆಲ್ ಇಂಜಿನ್‌ನಲ್ಲಿದೆ. ಹೆಸರಿಗೆ ಡೀಸೆಲ್, ಬಂಕಿನ ಡೀಸೆಲ್ಲಿಗೂ ಇದಕ್ಕೂ ಸಂಬಂಧ ಇಲ್ಲ. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಹೆಚ್ಚುಕಡಿಮೆ ಸಮಪಾಲು, ಇದೇ ಇಂಧನ. ಪ್ಲಗ್ ಇಲ್ಲ, ಬ್ಯಾಟರಿ ಇಲ್ಲ, ತಂತಿ ಇಲ್ಲ. ನಮ್ಮಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿ ಕಂಟ್ರೋಲ್ ಲೈನ್ (ತಂತಿಯಲ್ಲಿ ಹಿಡಿದು ಸುತ್ತ ಹಾರಿಸುವ ವಿಮಾನ) ಹಾರಿಸಿದವರಿಗೆ ಆ ಸುಟ್ಟ ಹರಳೆಣ್ಣೆಯ ವಾಸನೆ ಮೂಗಿನಿಂದ ಹೋಗಲ್ಲ. ಕೋಲ್ಕತ್ತಾದಲ್ಲಿ ತಯಾರಾದ ಅರೋರಾ ಇಂಜಿನ್‌ಗಳು ನಮ್ಮ ದೇಶದ ಎಷ್ಟೋ ಹುಡುಗರ ಕೈ ಪಳಗಿಸಿವೆ.

ಡೀಸೆಲ್‌ನ ತಲೆಯ ಮೇಲೆ ಒಂದು ಸಣ್ಣ ಅಡ್ಡಕಡ್ಡಿ ಇರುತ್ತದೆ. ಅದನ್ನು ತಿರುಗಿಸಿದರೆ ಕಂಪ್ರೆಷನ್ ಏರುತ್ತದೆ, ಇಳಿಯುತ್ತದೆ. ಎಕ್ಸಾಸ್ಟ್ ಕಿಂಡಿಯಲ್ಲಿ ಪಿಸ್ಟನ್ ಮೇಲೆ ಎರಡು ಹನಿ ಇಂಧನ ಬಿಟ್ಟು ಚುರುಕಾಗಿ ಏಟು ಹಾಕಬೇಕು. ಪಟ್ ಅನ್ನದಿದ್ದರೆ ಕಡ್ಡಿಯನ್ನು ಕಾಲು ಸುತ್ತಿಗಿಂತ ಕಡಿಮೆ ಬಿಗಿ ಮಾಡಿ ಮತ್ತೆ ಏಟು. ಒಂದು ಹಂತದಲ್ಲಿ ಹೊಗೆ ಬಿಟ್ಟು ಪಟಪಟ ಅನ್ನುತ್ತದೆ. ಓಡಲು ಶುರುವಾಗಿ ಕಾದ ಮೇಲೆ ಕುಯ್‌ಗುಟ್ಟುತ್ತಾ ಬಳಲಿದ ಹಾಗೆ ಕೇಳಿದರೆ ಬಿಗಿ ಜಾಸ್ತಿಯಾಯಿತು, ಕಡ್ಡಿ ಸ್ವಲ್ಪ ಬಿಡಿ. ಪ್ರಾಪ್ ಗಟ್ಟಿಯಾಗಿ ನಿಂತರೆ ಏಟು ಹಾಕಬೇಡಿ, ಮೊದಲು ಕಂಪ್ರೆಷನ್ ಇಳಿಸಿ. ಇದರ ಒದೆತ ಗ್ಲೋ ಇಂಜಿನ್ನಿನದಕ್ಕಿಂತ ಜೋರು. ಈಥರ್ 35 ಡಿಗ್ರಿಗೇ ಕುದಿಯುತ್ತದೆ, ಡಬ್ಬಿ ಬಿಸಿಲಲ್ಲಿಡಬಾರದು, ಹತ್ತಿರ ಬೀಡಿ ಸಿಗರೇಟ್ ಬೇಡವೇ ಬೇಡ. ಮೆಥನಾಲ್ ಬೆಂಕಿಯಂತೂ ಹಗಲಲ್ಲಿ ಕಣ್ಣಿಗೇ ಕಾಣಲ್ಲ, ಅದಕ್ಕೇ ಒಂದು ಒದ್ದೆ ಗೋಣಿ ಪಕ್ಕದಲ್ಲಿಟ್ಟುಕೊಂಡಿರುತ್ತೇನೆ.

ಇಂಜಿನ್ ಹತ್ತಿದ ಮೇಲೆ ಪ್ರಾಪ್‌ನ ಮುಂದೆಯಾಗಲಿ ಪಕ್ಕದಲ್ಲಾಗಲಿ ಯಾರೂ ನಿಲ್ಲಬಾರದು. ನಾನು ರೆಕ್ಕೆಯ ಹಿಂದಕ್ಕೆ ಸುತ್ತಿ ಬಂದು, ಹಿಂದಿನಿಂದಲೇ ಕ್ಲಿಪ್ ತೆಗೆದು, ಹಿಂದಿನಿಂದಲೇ ನೀಡಲ್ ಮುಟ್ಟುತ್ತೇನೆ. ಪೂರ್ತಿ ಥ್ರಾಟಲ್‌ನಲ್ಲಿ ಇಂಧನದ ಪೈಪನ್ನು ಒಂದು ಕ್ಷಣ ಚಿವುಟಿದರೆ ಸದ್ದು ತುಸು ಏರಬೇಕು. ಏರಿದರೆ ಮಿಶ್ರಣದಲ್ಲಿ ಇಂಧನ ಸ್ವಲ್ಪ ಜಾಸ್ತಿ ಇದೆ, ಹಾಗೇ ಇರಲಿ. ಏರದೆ ಕುಸಿದರೆ ಎರಡು ಮೂರು ಕ್ಲಿಕ್ ಬಿಚ್ಚುತ್ತೇನೆ. ಮಂಗಳೂರಿನ ಕಡಲ ಮಟ್ಟದಲ್ಲಿ ಕೂರಿಸಿದ ನೀಡಲ್ 900 ಮೀಟರ್ ಎತ್ತರದ ಬೆಂಗಳೂರಿಗೆ ಹೊಂದಲ್ಲ. ಇಲ್ಲಿ ಗಾಳಿ ತೆಳು, ಇಂಧನವೂ ಒಂದೆರಡು ಕ್ಲಿಕ್ ಕಡಿಮೆ ಸಾಕು.

ಸ್ಟಾರ್ಟರ್ ಬೇಡವೇ ಬೇಡ ಅಂತ ನಾನು ಹೇಳಲ್ಲ. ಹೆಲಿಕಾಪ್ಟರ್‌ನಲ್ಲಿ ಕೈಗೆ ಪ್ರಾಪ್ ಸಿಗಲ್ಲ. ಕೊಳವೆಯೊಳಗೆ ಫ್ಯಾನ್ ಇರುವ ವಿಮಾನಗಳಲ್ಲೂ ಅಷ್ಟೇ. ಬೆರಳಿಗೆ ನೋವಿದ್ದವರು, ವಯಸ್ಸಾದವರು ಸ್ಟಾರ್ಟರ್ ಬಳಸಲಿ. ಆದರೆ ಅದನ್ನು ಪ್ರಾಪ್ ಮಧ್ಯದ ಮೊನಚು ಟೋಪಿಯಾದ ಸ್ಪಿನ್ನರ್‌ಗೆ ಒತ್ತುವ ಮೊದಲು ಕ್ಲಿಪ್ ತೆಗೆದು, ಕೈಯಿಂದ ಪ್ರಾಪ್ ಎರಡು ಸುತ್ತು ತಿರುಗಿಸಿ, ಎಲ್ಲೂ ಗಟ್ಟಿಯಾಗಿ ನಿಲ್ಲಲ್ಲ ಅಂತ ನೋಡಿಕೊಳ್ಳಿ.

ಮುಂದಿನ ಭಾನುವಾರ ಇಂಜಿನ್ ಸುಲಭವಾಗಿ ಏಳಬೇಕು ಅಂದರೆ ಈ ಭಾನುವಾರ ಸಂಜೆಯೇ ಕೆಲಸ ಇದೆ. ಕೊನೆಯ ಹಾರಾಟ ಆದ ಮೇಲೆ ಟ್ಯಾಂಕಿನಲ್ಲಿ ಉಳಿದ ಇಂಧನ ತೆಗೆದು, ಪೈಪಿನಲ್ಲಿರೋದನ್ನು ಇಂಜಿನ್ ಓಡಿಸಿಯೇ ಮುಗಿಸಿ. ಉಳಿದ ಮೆಥನಾಲ್ ನೀರು ಹೀರಿ ಬೇರಿಂಗ್‌ಗೆ ತುಕ್ಕು ಹಿಡಿಸುತ್ತದೆ, ಇಂಧನದಲ್ಲಿ ಬೆರೆತ ಹರಳೆಣ್ಣೆ ಅಂಟಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಾರ್ಬುರೇಟರ್‌ಗೂ ಪ್ಲಗ್ ತೂತಿಗೂ ನಾಲ್ಕು ಹನಿ ತೆಳು ಎಣ್ಣೆ ಬಿಟ್ಟು, ಪ್ರಾಪ್ ಹತ್ತು ಸುತ್ತು ತಿರುಗಿಸಿ, ಹಳೇ ಬನಿಯನ್ ಬಟ್ಟೆಯಿಂದ ಕಾರ್ಬುರೇಟರ್‌ನ ಬಾಯಿ ಮುಚ್ಚಿ ಎತ್ತಿಡಿ.